ಹಿತ್ತಲ ಮೀನುಹೊಂಡದ ಕಾವಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ನಮ್ಮ ಮನೆ ಹಿಂದೆ ಹೆಚ್ಚುಕಮ್ಮಿ ಒಂದು ಗುಂಟೆಯ ಹೊಂಡ ಇದೆ. ಒರತೆ ನೀರು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ಜೊತೆಗೆ ಒಂದಷ್ಟು ಹುಲ್ಲುಗೆಂಡೆ ಬಿಡುತ್ತೇವೆ. ಸಂತೆಯಲ್ಲಿ ಸಿಕ್ಕವರು, ಮದುವೆ ಮನೆಯಲ್ಲಿ ಪಕ್ಕ ಕೂತವರು, ಫೋನ್ ಮಾಡುವವರು, ಎಲ್ಲರೂ ಕೊನೆಗೆ ಕೇಳುವುದು ಒಂದೇ: "ನಾವು ಬಿಟ್ಟ ಮೀನು ಉಳಿಯೋದೇ ಇಲ್ಲ ಮಾರಾಯ್ರೇ, ಏನು ಮಾಡೋದು?" ಅದಕ್ಕೆ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ತಿದ್ದಿಲ್ಲ, ಅವರು ಕೇಳಿದ ಹಾಗೇ ಇವೆ.

## ಮೊದಲ ಗಾಬರಿ

"ಜುಲೈನಲ್ಲಿ 500 ಮರಿ ಬಿಟ್ಟಿದ್ದೆ. ದೀಪಾವಳಿಗೆ ಬಲೆ ಹಾಕಿದ್ರೆ 40 ಸಿಕ್ತು. ಉಳಿದಿದ್ದು ಎಲ್ಲಿ ಹೋಯ್ತು?"

ಮೊದಲು ಒಂದು ಸಮಾಧಾನ. ಒಂದು ಸಲ ಬೀಸುಬಲೆ ಹಾಕಿದಾಗ ಸಿಕ್ಕಿದ್ದೇ ಹೊಂಡದಲ್ಲಿರುವ ಒಟ್ಟು ಮೀನಲ್ಲ. ರೋಹು ಬಲೆ ನೋಡಿ ಹಾರುತ್ತದೆ, ಸಾಮಾನ್ಯ ಗೆಂಡೆ ಕೆಸರಿಗೆ ಮೂತಿ ಹೂತು ಬಲೆಯ ಅಡಿಯಿಂದ ನುಸುಳುತ್ತದೆ.

ಅಷ್ಟಾಗಿಯೂ ನಿಜಕ್ಕೂ ಕಡಿಮೆಯಾಗಿದ್ದರೆ, ಹೆಚ್ಚಿನ ನಷ್ಟ ಆಗಿರುವುದು ಮೊದಲ ಎರಡು ತಿಂಗಳಲ್ಲೇ. ಆಗ ಮರಿ ಎಲ್ಲರ ಬಾಯಿಗೂ ಹಿಡಿಸುವ ಅಳತೆಯಲ್ಲಿರುತ್ತದೆ. ಹಕ್ಕಿ, ಹಾವು, ಕಪ್ಪೆ ಬಿಡಿ, ನೀರಿನ ಹುಳವೂ ಹಿಡಿಯುತ್ತದೆ. ಅಂಗೈ ದಾಟಿ ಬೆಳೆದ ಮೀನಿಗೆ ಶತ್ರುಗಳ ಪಟ್ಟಿ ತುಂಬಾ ಚಿಕ್ಕದು. ನನ್ನ ಪ್ರಕಾರ ಕಾವಲಿನ ಮುಕ್ಕಾಲು ಕೆಲಸ ಈ ಎರಡು ತಿಂಗಳದ್ದು. ಜನ ಮಾಡುವುದು ಉಲ್ಟಾ. ಮೀನು ದಪ್ಪಗಾದ ಮೇಲೆ ಬಲೆ ಕೊಳ್ಳಲು ಪೇಟೆಗೆ ಓಡುತ್ತಾರೆ.

"ಬೆಳಿಗ್ಗೆ ಎದ್ದು ನೋಡಿದ್ರೆ ಮೀನು ಸತ್ತು ತೇಲ್ತಾ ಇವೆ. ಇದೂ ಹಕ್ಕಿ ಕೆಲಸಾನಾ?"

ಅಲ್ಲ. ಹಕ್ಕಿ ತಿಂದರೆ ತೇಲಲು ಹೆಣವೇ ಇರುವುದಿಲ್ಲ. ರಾತ್ರಿ ಕಳೆದು ಒಟ್ಟಿಗೆ ಹತ್ತಿಪ್ಪತ್ತು ಮೀನು ತೇಲಿದರೆ ಅದು ಉಸಿರು ಕಟ್ಟಿದ್ದು, ಅಂದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾದದ್ದು. ಎರಡು ಮೂರು ದಿನ ಮೋಡ ಮುಸುಕಿ, ಹೊಂಡಕ್ಕೆ ಸಗಣಿ ಜಾಸ್ತಿ ಬಿದ್ದಿದ್ದರೆ ಹೀಗಾಗುತ್ತದೆ. ಹಗಲು ನೀರಿನ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಮೀನಿನ ಜೊತೆಗೇ ಉಸಿರಾಡುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮೊದಲಿನ ಹೊತ್ತೇ ಕಷ್ಟದ ಹೊತ್ತು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ಹೊಸ ನೀರು ಬಿಡಿ, ಪಂಪಿನಿಂದ ಅದೇ ನೀರನ್ನಾದರೂ ಎತ್ತಿ ಮೇಲಿಂದ ಚಿಮ್ಮಿಸಿ, ಎರಡು ದಿನ ತಿಂಡಿ ನಿಲ್ಲಿಸಿ.

ಇಂಥ ಬೆಳಿಗ್ಗೆ ಕಾಗೆ, ಗರುಡ, ಕೊಕ್ಕರೆ ಎಲ್ಲ ಜಾತ್ರೆಗೆ ಬಂದ ಹಾಗೆ ಸೇರಿರುತ್ತವೆ. ನೋಡಿದವರು ಅವೇ ಕೊಂದವು ಅಂದುಕೊಳ್ಳುತ್ತಾರೆ. ಪಾಪ, ಅವು ಊಟಕ್ಕೆ ಮಾತ್ರ ಬಂದಿರುತ್ತವೆ.

"ಯಾವುದು ತಿಂತಾ ಇದೆ ಅಂತ ಹೆಂಗೆ ಕಂಡುಹಿಡಿಯೋದು?"

ಬೆಳಗಾಗುತ್ತಲೇ, ಬೇರೆಯವರು ತುಳಿಯುವ ಮೊದಲು, ದಡ ಸುತ್ತಿ ನೋಡಿ. ಹಿಂದಿನ ಸಂಜೆ ದಡದ ನಾಲ್ಕು ಕಡೆ ಸ್ವಲ್ಪ ಮಣ್ಣು ಕೆದಕಿ ಸಪಾಟು ಮಾಡಿಟ್ಟರೆ ಹೆಜ್ಜೆ ಚೆನ್ನಾಗಿ ಮೂಡುತ್ತದೆ.

ಮೀನಿನ ಮೈ ಬದಿಯಲ್ಲಿ ಚುಚ್ಚಿದ ಗಾಯ ಇದ್ದು ಮೀನು ಬದುಕಿದ್ದರೆ ಅದು ಕೊಕ್ಕರೆ ಜಾತಿಯ ಹಕ್ಕಿಗೆ ತಪ್ಪಿಸಿಕೊಂಡ ಮೀನು. ಉಗುರಿನಿಂದ ಗೀರಿದ ಹಾಗಿದ್ದರೆ ನೀರುಕಾಗೆಯ ಕೊಕ್ಕಿನ ತುದಿಯ ಕೊಂಡಿ ಇರಬಹುದು. ದಡದಲ್ಲಿ ಒಂದೆರಡು ಕಡೆ ಮಾತ್ರ ಮೀನಿನ ಹುರುಪೆ ಬಿದ್ದಿದ್ದರೆ ಬೆಕ್ಕು ಅಥವಾ ಕಾಡುಬೆಕ್ಕು. ದೊಡ್ಡ ಮೀನಿನ ತಲೆ, ಮುಳ್ಳು ಬಿದ್ದಿದ್ದು, ಪಕ್ಕದ ಕಲ್ಲಿನ ಮೇಲೆ ಹುರುಪೆ, ಏಡಿ ಚಿಪ್ಪು ತುಂಬಿದ ಗಬ್ಬು ನಾರುವ ಹಿಕ್ಕೆ ಇದ್ದರೆ ನೀರುನಾಯಿ. ಏನೂ ಗುರುತಿಲ್ಲದೆ ಮರಿ ಮಾತ್ರ ಕರಗುತ್ತಿದ್ದರೆ ಹಾವು, ಮಿಂಚುಳ್ಳಿ, ಇಲ್ಲವೇ ನೀರಿನೊಳಗೇ ಇರುವ ಕಳ್ಳ. ಒಂದೇ ರಾತ್ರಿ ಬರೀ ದೊಡ್ಡ ಮೀನುಗಳೇ ಮಾಯವಾಗಿ, ದಡದ ಹುಲ್ಲು ಮಲಗಿ, ಬೀಡಿ ತುಂಡು ಬಿದ್ದಿದ್ದರೆ ಯಾವ ಪ್ರಾಣಿ ಅಂತ ನಾನು ಹೇಳಬೇಕಿಲ್ಲ ಅಲ್ವಾ!

## ಹೊಂಡ, ಮರಿ, ತಿಂಡಿ

"ಹೊಸದಾಗಿ ಹೊಂಡ ತೋಡಿಸ್ತಾ ಇದೀನಿ. ಈಗಲೇ ಏನಾದ್ರೂ ಮಾಡಿದ್ರೆ ಮುಂದೆ ಕಾಟ ಕಮ್ಮಿ ಆಗತ್ತಾ?"

ಆಗುತ್ತದೆ. ಇದನ್ನು ಕೇಳುವವರು ಕಡಿಮೆ, ಆದರೆ ಇದೇ ಸರಿಯಾದ ಪ್ರಶ್ನೆ. ಜೆಸಿಬಿಯವರು ತಟ್ಟೆಯ ಹಾಗೆ ನಿಧಾನ ಇಳಿಜಾರು ಕೊಟ್ಟು ಹೋಗುತ್ತಾರೆ. ಕೊಕ್ಕರೆಗೆ ಅದು ಮೆಟ್ಟಿಲು. ಅದು ಈಜಿ ಹಿಡಿಯುವ ಹಕ್ಕಿ ಅಲ್ಲ, ಕಾಲು ಮುಳುಗುವಷ್ಟು ನೀರಲ್ಲಿ ನಿಂತು ಕಾಯುವ ಹಕ್ಕಿ. ದಡದಿಂದ ನೀರಿಗೆ ಇಳಿದ ಕೂಡಲೇ ಎರಡಡಿ ಆಳ ಸಿಗುವ ಹಾಗೆ ಮಾಡಿದರೆ ಅದಕ್ಕೆ ನಿಲ್ಲಲು ಜಾಗವೇ ಇಲ್ಲ. ಮಣ್ಣು ಕುಸಿಯುವ ಕಡೆ ಜಂಬಿಟ್ಟಿಗೆ ಕಲ್ಲೋ ಕಾಡುಗಲ್ಲೋ ಎರಡು ವರಸೆ ಕಟ್ಟಿಕೊಳ್ಳಿ. ನಡುವೆ ಐದಾರು ಅಡಿ ಆಳ ಇರಲಿ, ಬೇಸಿಗೆಯಲ್ಲೂ ನಾಲ್ಕಡಿಗೆ ಇಳಿಯದ ಹಾಗೆ.

ಆದರೆ ನಾಲ್ಕೂ ಕಡೆ ಕಡಿದಾಗಿ ಮಾಡಬೇಡಿ. ಒಂದು ಮೂಲೆಯಲ್ಲಿ ಹತ್ತಿ ಬರಲು ದಾರಿ ಬೇಕು, ನಿಮಗೂ, ಬಿದ್ದ ಕರುವಿಗೂ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಾದರೆ ಇದು ಇನ್ನೂ ಮುಖ್ಯ. ಆ ಹಾಳೆ ಪಾಚಿ ಹಿಡಿದರೆ ಈಜು ಬಲ್ಲವರೂ ಹತ್ತಲಾರರು. ಗಂಟು ಹಾಕಿದ ದಪ್ಪ ಹಗ್ಗವನ್ನು ನಾಲ್ಕೂ ಬದಿಗೆ ಇಳಿಬಿಡಿ, ಸುತ್ತ ಬೇಲಿ ಹಾಕಿ. ಮೀನಿಗಿಂತ ಮೊದಲು ಮಕ್ಕಳ ಕಾವಲು.

"ಮರಿ ಎಷ್ಟು ದೊಡ್ಡದಿರ್ಬೇಕು? ಚಿಕ್ಕದು ಬಹಳ ಅಗ್ಗ ಸಿಗತ್ತೆ."

ಅಗ್ಗ ನಿಜ. ಮಳೆಗಾಲದಲ್ಲಿ ಸಿಗುವ ಅಗ್ಗದ ಮರಿ ಒಂದು ಇಂಚಿನದು. ಅದನ್ನು ನೇರವಾಗಿ ಹಳೇ ಹೊಂಡಕ್ಕೆ ಸುರಿದರೆ ಮೀನು ಸಾಕಿದ ಹಾಗಲ್ಲ, ಹಕ್ಕಿ ಹಾವಿಗೆ ಅನ್ನಸಂತರ್ಪಣೆ ಮಾಡಿದ ಹಾಗೆ. ಮೂರರಿಂದ ನಾಲ್ಕು ಇಂಚಿನ ಬಲಿತ ಮರಿ ಕೇಳಿ ತನ್ನಿ. ರೇಟು ಜಾಸ್ತಿ ಅನ್ನಿಸಿದರೂ ಕೊನೆಗೆ ಲೆಕ್ಕ ಅದರಲ್ಲೇ ಹೊಂದುತ್ತದೆ.

ಚಿಕ್ಕ ಮರಿಯೇ ಸಿಕ್ಕಿದ್ದು ಅಂದರೆ ಹಾಪಾ ಕಟ್ಟಿ. ಹಾಪಾ ಅಂದರೆ ಸಣ್ಣ ಕಣ್ಣಿನ ನೈಲಾನ್ ಬಲೆಯ ಪೆಟ್ಟಿಗೆ. ಸೊಳ್ಳೆ ಪರದೆಯನ್ನು ತಲೆಕೆಳಗು ಮಾಡಿ ನೀರಲ್ಲಿ ಇಳಿಬಿಟ್ಟ ಹಾಗೆ ಕಾಣುತ್ತದೆ. ನಾಲ್ಕು ಬಿದಿರು ಗೂಟ ನೆಟ್ಟು, ನೀರಿನ ಮೇಲೆ ಒಂದಡಿ ಎದ್ದಿರುವಂತೆ ಕಟ್ಟಿ, ಮೇಲೆ ಬಾಯಿ ಮುಚ್ಚಿ. ಎರಡು ತಿಂಗಳು ಅದರೊಳಗೇ ತೌಡು ಮತ್ತು ಕಡಲೆಕಾಯಿ ಹಿಂಡಿ ಹಾಕಿ ಬೆಳೆಸಿ ಆಮೇಲೆ ಹೊಂಡಕ್ಕೆ ಬಿಡಿ. ವಾರಕ್ಕೊಮ್ಮೆ ಮೆತ್ತಗೆ ಬ್ರಷ್ ಹಾಕಿ ಪಾಚಿ ಉಜ್ಜಬೇಕು, ಇಲ್ಲವಾದರೆ ನೀರು ಓಡಾಡದೆ ಮರಿ ಸಾಯುತ್ತದೆ. ಏಡಿ ಬಲೆ ಕತ್ತರಿಸುತ್ತದೆ, ಅದಕ್ಕೆ ತಳ ನೆಲಕ್ಕೆ ತಾಗದ ಹಾಗೆ ಕಟ್ಟಿ. ನಾನು ಮೊದಲ ವರ್ಷ ತಾಗಿಸಿ ಕಟ್ಟಿದ್ದೆ. ಹಾಪಾ ಎತ್ತಿದಾಗ ತಳದಲ್ಲಿ ಮುಷ್ಟಿ ಹೋಗುವಷ್ಟು ತೂತು, ಒಳಗೆ ಒಂದೇ ಒಂದು ಕಪ್ಪೆ.

"ನೀರು ತಿಳಿಯಾಗಿದ್ರೆ ಒಳ್ಳೇದಲ್ವಾ? ಹಸಿರಾಗಿದೆ ಅಂತ ಬದಲಾಯಿಸ್ತಾ ಇದೀನಿ."

ಬದಲಾಯಿಸಬೇಡಿ. ತಿಳಿನೀರು ನೋಡಲು ಚಂದ, ಮೇಲಿಂದ ನೋಡುವ ಮಿಂಚುಳ್ಳಿಗೂ ಚಂದ. ಗೆಂಡೆ ಜಾತಿಯ ಮೀನಿಗೆ ತಿಳಿ ಹಸಿರು ನೀರೇ ಬೇಕು, ಅದರಲ್ಲೇ ಅದರ ಆಹಾರ ಇರುವುದು, ಅದೇ ಅದರ ಪರದೆ. ನೀರಿಗೆ ಕೈ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಾದರೆ ಸರಿ ಇದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಕಾಣದಾದರೆ ಹಸಿರು ಜಾಸ್ತಿಯಾಗಿದೆ, ಗೊಬ್ಬರ ನಿಲ್ಲಿಸಿ, ಸ್ವಲ್ಪ ಹೊಸ ನೀರು ಬಿಡಿ.

"ಮೀನಿಗೆ ಅಡಗೋಕೆ ಏನು ಇಡಬೇಕು? ತಾವರೆ ಸಾಕಾ?"

ತಾವರೆ, ನೈದಿಲೆ ಒಳ್ಳೆಯದೇ. ಆದರೆ ನೀರಿನ ಮೂರನೇ ಒಂದು ಭಾಗ ಮೀರಬಾರದು, ಬಿಸಿಲು ಬೀಳದಿದ್ದರೆ ನೀರು ಸಪ್ಪೆಯಾಗುತ್ತದೆ. ಹುಲ್ಲುಗೆಂಡೆ ಇದ್ದರೆ ಎಲೆಯನ್ನು ಅದೇ ಮುಗಿಸುತ್ತದೆ ಅನ್ನುವುದು ಬೇರೆ ಮಾತು. ಅಂತರಗಂಗೆ ಅನ್ನುವ ತೇಲುವ ಕಳೆಯನ್ನು ಮಾತ್ರ ಯಾರು ಎಷ್ಟು ಹೇಳಿದರೂ ಹೊಂಡಕ್ಕೆ ತರಬೇಡಿ.

ನಾವು ಹಳೇ ಮಂಗಳೂರು ಹೆಂಚನ್ನು ಎರಡೆರಡು ಸೇರಿಸಿ ಡೇರೆಯ ಹಾಗೆ ನಿಲ್ಲಿಸಿದ್ದೇವೆ, ಒಡೆದ ಮಡಕೆ, ನಾಲ್ಕಿಂಚಿನ ಪೈಪಿನ ತುಂಡುಗಳನ್ನೂ ತಳಕ್ಕೆ ಬಿಟ್ಟಿದ್ದೇವೆ. ಬಿದಿರಿನ ಮುಳ್ಳಿನ ಕೊಂಬೆಗಳನ್ನು ನಡುವೆ ಹಾಕಿದರೆ ಎರಡು ಲಾಭ. ಮೀನು ಅದರೊಳಗೆ ಸೇರಿಕೊಳ್ಳುತ್ತದೆ, ರಾತ್ರಿ ಬಲೆ ಬೀಸುವ ಎರಡು ಕಾಲಿನವರ ಬಲೆ ಅದಕ್ಕೆ ಸಿಕ್ಕಿ ಹರಿಯುತ್ತದೆ. ನೀವು ಮೀನು ಹಿಡಿಯುವ ದಿನ ಅದನ್ನೆಲ್ಲ ಎಳೆದು ಹಾಕುವ ಕಷ್ಟ ಇದ್ದದ್ದೇ.

"ತಿಂಡಿ ಹಾಕುವಾಗಲೇ ಹಕ್ಕಿ ಬಂದು ಎತ್ಕೊಂಡು ಹೋಗ್ತದೆ."

ತೇಲುವ ತಿಂಡಿ ಹಾಕಿದರೆ ಮೀನು ಮೇಲೆ ಬರಲೇಬೇಕು, ಹಕ್ಕಿಗೆ ಗಂಟೆ ಹೊಡೆದು ಕರೆದ ಹಾಗೆ. ಗೊಬ್ಬರದ ಖಾಲಿ ಚೀಲ ಚೆನ್ನಾಗಿ ತೊಳೆದು, ಕೆಳಭಾಗದಲ್ಲಿ ತೂತು ಮಾಡಿ, ತೌಡು ಮತ್ತು ಹಿಂಡಿ ಕಲಸಿ ತುಂಬಿ, ಬಿದಿರು ಗೂಟಕ್ಕೆ ಕಟ್ಟಿ ನೀರಲ್ಲಿ ಇಳಿಬಿಡಿ. ಮೀನು ನೀರಿನೊಳಗೇ ಚೀಲಕ್ಕೆ ಮೂತಿ ಹಾಕಿ ತಿನ್ನುತ್ತದೆ.

## ಹಕ್ಕಿಗಳು

"ಒಂದು ಮಿಂಚುಳ್ಳಿ ದಿನಾ ಬಂದು ಕೂರ್ತದೆ. ಓಡಿಸೋದು ಹೇಗೆ?"

ಯಾವ ಮಿಂಚುಳ್ಳಿ ಅಂತ ಮೊದಲು ನೋಡಿ. ಎದೆ ಬಿಳಿ, ತಲೆ ಕಂದು, ದೊಡ್ಡ ಕೆಂಪು ಕೊಕ್ಕಿನದಾದರೆ ಅದು ಮೀನಿಗಿಂತ ಮಿಡತೆ, ಓತಿಕ್ಯಾತ, ಸಣ್ಣ ಕಪ್ಪೆಗಳನ್ನೇ ಜಾಸ್ತಿ ಹಿಡಿಯುತ್ತದೆ. ಮೀನಿಗೇ ಬರುವುದು ಗುಬ್ಬಚ್ಚಿ ಗಾತ್ರದ ನೀಲಿ ಕಿರು ಮಿಂಚುಳ್ಳಿ, ಮತ್ತೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ಬಾಣದಂತೆ ಬೀಳುವ ಕಪ್ಪು ಬಿಳಿಯದು. ಕಿರು ಮಿಂಚುಳ್ಳಿಗೆ ಕೂರಲು ಒಂದು ಕೊಂಬೆ ಬೇಕು. ನೀರಿನ ಮೇಲೆ ಚಾಚಿದ ಒಣ ಕೊಂಬೆ, ಪಂಪಿನ ತಂತಿ, ನೆಟ್ಟ ಗೂಟ ತೆಗೆದರೆ ಅರ್ಧ ಕಾಟ ಕಡಿಮೆ.

ಇನ್ನೊಂದು ವಿಷಯ. ಕಿರು ಮಿಂಚುಳ್ಳಿ ತನ್ನ ಜಾಗಕ್ಕೆ ಇನ್ನೊಂದು ಮಿಂಚುಳ್ಳಿಯನ್ನು ಬಿಟ್ಟುಕೊಳ್ಳುವುದಿಲ್ಲ, ಹಾಗಾಗಿ ಒಂದು ಕೂತಿದ್ದರೆ ಗುಂಪು ಸೇರುವ ಭಯ ಇಲ್ಲ. ಅದು ಹಿಡಿಯುವುದು ಎರಡು ಮೂರು ಇಂಚಿನೊಳಗಿನ ಮೀನು. ನಿಮ್ಮ ಮೀನು ಅಷ್ಟು ದಾಟಿದ ಮೇಲೆ ಅದು ಕೂತಿರಲಿ ಬಿಡಿ. ನಾನಂತೂ ನಮ್ಮದನ್ನು ಓಡಿಸುವುದಿಲ್ಲ. ಕಾಫಿ ಕುಡಿಯುವಾಗ ನೋಡಲು ಒಂದು ಬೇಕು.

"ಪ್ಲಾಸ್ಟಿಕ್ ಕೊಕ್ಕರೆ ನಿಲ್ಲಿಸಿದ್ರೆ ನಿಜವಾದ ಕೊಕ್ಕರೆ ಬರಲ್ವಂತೆ, ಹೌದಾ?"

ಮೊದಲ ವಾರ ಹೌದು ಅನ್ನಿಸುತ್ತದೆ. ಆಮೇಲೆ ಅದರ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಒಂದು ಕೊಕ್ಕರೆ ನಿಂತಿದೆ ಅಂದರೆ ಅಲ್ಲಿ ಊಟ ಇದೆ ಅಂತ ದೂರದವಕ್ಕೆ ತೋರಿಸಿದ ಹಾಗೂ ಆಗಬಹುದು. ಹಳೇ ಸಿಡಿ, ಕ್ಯಾಸೆಟ್ ಟೇಪು, ಮಿನುಗುವ ರಿಬ್ಬನ್, ಬೆರ್ಚಪ್ಪ, ಎಲ್ಲದರ ಕಥೆಯೂ ಇದೇ. ಹಕ್ಕಿ ಒಂದೆರಡು ವಾರದಲ್ಲಿ ಅಭ್ಯಾಸ ಮಾಡಿಕೊಳ್ಳುತ್ತದೆ. ಬೆರ್ಚಪ್ಪನನ್ನು ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಅಂಗಿ ಬದಲಿಸಿದರೆ ಸ್ವಲ್ಪ ಹೆಚ್ಚು ದಿನ ನಡೆಯುತ್ತದೆ. ಮರಿ ಬಿಟ್ಟ ಮೊದಲ ಹದಿನೈದು ದಿನಕ್ಕೆ ಇವನ್ನು ಇಟ್ಟುಕೊಳ್ಳಿ, ಮಾರ್ಚ್‌ವರೆಗೆ ನಂಬಿ ಕೂರಬೇಡಿ.

ಕೊಕ್ಕರೆಗೆ ಕೆಲಸ ಮಾಡುವುದು ದಡದ ಸುತ್ತ ಎಳೆದ ಎರಡು ಸಾಲು ಹಗ್ಗ. ನೀರಂಚಿನಲ್ಲಿ ಒಂದು ಗೇಣು ಎತ್ತರಕ್ಕೆ ಒಂದು, ಒಂದೂವರೆ ಅಡಿಗೆ ಇನ್ನೊಂದು. ಅದು ಸಾಮಾನ್ಯವಾಗಿ ದಡಕ್ಕೆ ಇಳಿದು ನಡೆದು ನೀರಿಗೆ ಬರುತ್ತದೆ, ಕಾಲಿಗೆ ಹಗ್ಗ ತಾಗಿದರೆ ಮುಂದೆ ಹೋಗಲು ಹಿಂಜರಿಯುತ್ತದೆ. ಬಿಳಿ ಪ್ಲಾಸ್ಟಿಕ್ ಹಗ್ಗ ಕಟ್ಟಿ. ಗಾಳದ ತೆಳು ದಾರ ಕಟ್ಟಬೇಡಿ, ಕಣ್ಣಿಗೆ ಕಾಣದೆ ಹಕ್ಕಿಯ ಕಾಲು ರೆಕ್ಕೆ ಕತ್ತರಿಸುತ್ತದೆ.

"ನೀರುಕಾಗೆ ಹಿಂಡು ಬಂದು ಒಂದೇ ದಿನ ಬಳ್ಕೊಂಡು ಹೋಗ್ತವೆ. ಅದಕ್ಕೂ ಹಗ್ಗ ಸಾಕಾ?"

ಸಾಕಾಗುವುದಿಲ್ಲ. ನೀರುಕಾಗೆ ದಡದಿಂದ ಬರುವುದಿಲ್ಲ, ನೇರ ನೀರಿಗೆ ಇಳಿಯುತ್ತದೆ, ಮುಳುಗಿ ಬೆನ್ನಟ್ಟಿ ಹಿಡಿಯುತ್ತದೆ. ಅದಕ್ಕೆ ಹೊಂಡದ ಮೇಲೆ ಆಚೆಯಿಂದ ಈಚೆಗೆ ಹಗ್ಗ ಎಳೆಯಬೇಕು, ಒಂದಕ್ಕೊಂದು ಎರಡಡಿ ದೂರ, ನೀರಿನಿಂದ ಎರಡಡಿ ಮೇಲೆ. ಚಿಕ್ಕ ಹೊಂಡವಾದರೆ ಅಡ್ಡಡ್ಡ, ಉದ್ದುದ್ದ ಎರಡೂ ಎಳೆಯಿರಿ. ಇಳಿಯಲು, ಮತ್ತೆ ಮುಖ್ಯವಾಗಿ ಎದ್ದು ಹಾರಲು ಜಾಗ ಇಲ್ಲ ಅಂತ ಅದಕ್ಕೆ ಅನ್ನಿಸಬೇಕು. ಹಾರುವ ಮೊದಲು ಅದು ನೀರಿನ ಮೇಲೆ ಓಡಬೇಕಾದ ಹಕ್ಕಿ. ಮೊದಲನೆಯದು ಬಂದ ದಿನವೇ ಓಡಿಸಿ. ಒಂದಕ್ಕೆ ರುಚಿ ಹತ್ತಿದರೆ ನಾಳೆ ಹತ್ತು ಬರುತ್ತವೆ.

"ಬಲೆಯನ್ನೇ ಮುಚ್ಚಿಬಿಡ್ತೀನಿ. ಯಾವ ಬಲೆ, ಕಣ್ಣು ಎಷ್ಟು?"

ಗಟ್ಟಿ ನೂಲಿನ, ಕಣ್ಣಿಗೆ ಕಾಣುವ ಬಲೆ ತನ್ನಿ. ಕೊಕ್ಕರೆ, ನೀರುಕಾಗೆಗೆ ಎರಡಿಂಚಿನ ಕಣ್ಣು ಸಾಕು, ಮಿಂಚುಳ್ಳಿಯನ್ನೂ ತಡೆಯಬೇಕಾದರೆ ಒಂದಿಂಚಿನದು. ಮೀನು ಹಿಡಿಯುವ ತೆಳು ನೈಲಾನ್ ಬಲೆ ಮುಚ್ಚಲು ಆಗದು, ಅದು ಸಿಕ್ಕಿಸಲೆಂದೇ ಮಾಡಿದ್ದು.

ಬಲೆಗಿಂತ ಅದನ್ನು ಕಟ್ಟುವ ರೀತಿ ಮುಖ್ಯ. ನಡುವೆ ಜಿಐ ತಂತಿ ಬಿಗಿಯಾಗಿ ಎಳೆದು ಅದರ ಮೇಲೆ ಹಾಸಿ. ನೀರಿನಿಂದ ಎರಡಡಿ ಮೇಲಿರಲಿ. ಜೋತು ಬಿದ್ದರೆ ಕೊಕ್ಕರೆ ಅದರ ಮೇಲೇ ನಿಂತು ಬಲೆಯ ಕಣ್ಣಿನೊಳಗಿಂದ ಮೀನನ್ನು ಕುಕ್ಕುತ್ತದೆ. ಅಂಚನ್ನು ನೆಲದ ಮೇಲೆ ರಾಶಿ ಬಿಡಬೇಡಿ, ಹಾವು ಸಿಕ್ಕಿಕೊಳ್ಳುವುದು ಅಲ್ಲೇ. ಒಂದೋ ನೆಲಕ್ಕೆ ಬಿಗಿದು ಗೂಟ ಹೊಡೆಯಿರಿ, ಇಲ್ಲ ನೆಲದಿಂದ ಒಂದಡಿ ಮೇಲೆ ನಿಲ್ಲಿಸಿ. ಅಡಿಕೆ ಸೋಗೆ ಬೀಳುವ ಕಡೆಯಾದರೆ ಬಲೆ ಕಟ್ಟುವ ಮೊದಲು ಮೇಲೆ ನೋಡಿ. ನಾನು ನೋಡದೆ ಕಟ್ಟಿ ಒಂದೇ ಮಳೆಗಾಲದಲ್ಲಿ ಮೂರು ಸಲ ಹೊಲಿದೆ.

"ನಮ್ದು ಪೇಟೆ ಮನೆ. ಸಿಮೆಂಟ್ ತೊಟ್ಟಿಯಲ್ಲಿ ಕೋಯಿ, ಗೋಲ್ಡ್ ಫಿಶ್ ಇವೆ. ಇಷ್ಟೆಲ್ಲ ಬೇಕಾ?"

ನಿಮಗೆ ಕಷ್ಟ ಜಾಸ್ತಿ, ಕೆಲಸ ಕಡಿಮೆ. ಕೆಂಪು ಮೀನು ತಿಳಿನೀರಲ್ಲಿ ಆಕಾಶಕ್ಕೇ ಕಾಣುತ್ತದೆ. ಬೆಂಗಳೂರಿನ ನಡುವೆಯೂ ಕೊಕ್ಕರೆ, ಗರುಡ, ಮಿಂಚುಳ್ಳಿ ಇವೆ, ಬೆಕ್ಕಂತೂ ಗೋಡೆಗೊಂದು. ಚಿಕ್ಕ ತೊಟ್ಟಿಗೆ ಕಬ್ಬಿಣದ ಚೌಕಟ್ಟಿಗೆ ಜಾಲರಿ ಬಿಗಿದ ಮುಚ್ಚಳ ಮಾಡಿಸಿದರೆ ಮುಗಿಯಿತು. ತೊಟ್ಟಿಯ ಅಂಚಿನಿಂದ ನೀರು ಒಂದಡಿ ಕೆಳಗಿದ್ದರೆ ಬೆಕ್ಕಿನ ಕೈ ಎಟುಕುವುದಿಲ್ಲ.

## ನೆಲದಿಂದ ಬರುವವರು

"ಹೊಂಡದಲ್ಲಿ ಹಾವಿದೆ. ಮನೇಲಿ ಹೆಂಗಸರು ಮಕ್ಕಳು ಆ ಕಡೆ ಹೋಗಲ್ಲ. ಹೊಡೆಸಿ ಬಿಡ್ಲಾ?"

ಹೊಡೆಸಬೇಡಿ. ನೂರಕ್ಕೆ ತೊಂಬತ್ತು ಪಾಲು ಅದು ಒಳ್ಳೆ ಹಾವು, ನೀರು ಹಾವು ಅಂತಲೂ ಅನ್ನುತ್ತಾರೆ. ವಿಷ ಇಲ್ಲ. ಮೈ ಮೇಲೆ ಚದುರಂಗದ ಮನೆಗಳ ಹಾಗೆ ಕಪ್ಪು ಗುರುತು, ಕಣ್ಣಿನಿಂದ ಹಿಂದಕ್ಕೆ ಓರೆಯಾಗಿ ಎರಡು ಕಪ್ಪು ಗೆರೆ. ಹೆದರಿಸಿದರೆ ಕುತ್ತಿಗೆ ಚಪ್ಪಟೆ ಮಾಡಿ ಎದ್ದು ನಿಲ್ಲುತ್ತದೆ, ಜನ ನಾಗರ ಅಂದುಕೊಂಡು ಕೊಲ್ಲುವುದು ಇದರಿಂದಲೇ. ಮುಟ್ಟಿದರೆ ಮಾತ್ರ ಕಚ್ಚುತ್ತದೆ, ರಕ್ತ ಬರುವ ಹಾಗೆ. ಅದು ಮೀನಿನಷ್ಟೇ ಕಪ್ಪೆಯನ್ನೂ ತಿನ್ನುತ್ತದೆ.

ಹಾವು ಕಡಿಮೆಯಾಗಬೇಕು ಅಂದರೆ ಅಡಗುವ ಜಾಗ ತೆಗೆಯಿರಿ. ದಡದ ಸುತ್ತ ಆರಡಿ ಹುಲ್ಲು ಸವರಿ, ಕಲ್ಲುರಾಶಿ, ಸೌದೆ ರಾಶಿ ದೂರ ಹಾಕಿ, ಕಟ್ಟಿದ ಕಲ್ಲಿನ ಸಂದಿಗೆ ಮಣ್ಣು ಮೆತ್ತಿ. ತೌಡಿನ ಚೀಲವನ್ನು ಹೊಂಡದ ಹತ್ತಿರ ಇಡಬೇಡಿ. ಅದಕ್ಕೆ ಇಲಿ ಬರುತ್ತದೆ, ಇಲಿ ಹಿಂದೆ ಕೊಳಕುಮಂಡಲ ಬರುತ್ತದೆ, ಅದು ನಿಜವಾಗಿ ಹೆದರಬೇಕಾದ ಹಾವು. ಮರಿ ಸಾಕುವ ಚಿಕ್ಕ ಹೊಂಡಕ್ಕೆ ಮೂರಡಿ ಎತ್ತರದ ನುಣುಪು ಶೀಟನ್ನು ಅರ್ಧ ಅಡಿ ಹೂತು ಸುತ್ತ ನಿಲ್ಲಿಸಬಹುದು. ಒಂದು ಗುಂಟೆ ಹೊಂಡಕ್ಕೆ ಹೆಚ್ಚುಕಮ್ಮಿ 40 ಮೀಟರ್ ಸುತ್ತಳತೆ, ಅಷ್ಟು ಖರ್ಚು ಬೇಕಾ ಅಂತ ನೀವೇ ಲೆಕ್ಕ ಹಾಕಿ.

"ಬಲೆಯಲ್ಲಿ ಹಾವು ಸಿಕ್ಕಿ ಒದ್ದಾಡ್ತಾ ಇದೆ. ಈಗ ಏನ್ಮಾಡ್ಲಿ?"

ಕೈ ಹಾಕಬೇಡಿ. ಕಪ್ಪೆಗಾಗಿ ನಾಗರವೂ ನೀರಿನ ಬಳಿ ಬರುತ್ತದೆ, ಮಣ್ಣು ಮೆತ್ತಿದ ಮೈ ನೋಡಿ ಯಾವುದು ಅಂತ ಹೇಳುವುದು ಕಷ್ಟ. ನೆರಳು ಮಾಡಿ, ದೂರದಿಂದ ಸ್ವಲ್ಪ ನೀರು ಚಿಮುಕಿಸಿ, ಊರಿನ ಹಾವು ಹಿಡಿಯುವವರಿಗೆ ಅಥವಾ ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಿ. ಯಾರಿಗಾದರೂ ಕಚ್ಚಿದ್ದರೆ, ಯಾವ ಹಾವು ಅನ್ನುವ ಚರ್ಚೆ ಬಿಟ್ಟು 108 ಕರೆದು ಆಸ್ಪತ್ರೆಗೆ ಹೋಗಿ.

"ನೀರುನಾಯಿ ಬಂದು ದೊಡ್ಡ ದೊಡ್ಡ ಮೀನೇ ತಿಂದಿವೆ. ನಾಯಿ ಕಟ್ಟಿದ್ರೆ ಆಗತ್ತಾ?"

ನಾಯಿ ಬೊಗಳಿದರೆ ನಿಮಗೆ ಎಚ್ಚರ ಆಗುತ್ತದೆ, ಅದಷ್ಟೇ ಲಾಭ. ನೀರುನಾಯಿ ಒಂಟಿಯಾಗಿ ಬರುವುದು ಕಡಿಮೆ, ಸಂಸಾರ ಸಮೇತ ಬರುತ್ತದೆ. ಹಿಂಡಿನ ಎದುರು ಒಂದು ನಾಯಿಯನ್ನು ಬಿಡುವುದು ಸರಿಯಲ್ಲ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಕಾವೇರಿ, ತುಂಗಭದ್ರೆಯಂಥ ದೊಡ್ಡ ಹೊಳೆಯಲ್ಲಿರುವ ದೊಡ್ಡದು ಪಕ್ಕಾ ಮೀನುಗಾರ. ಮಲೆನಾಡು, ಕೊಡಗಿನ ಮೇಲಿನ ಹಳ್ಳಗಳಲ್ಲಿರುವ ಚಿಕ್ಕದು ಮುಖ್ಯವಾಗಿ ಏಡಿ ತಿನ್ನುತ್ತದೆ. ಹಿಕ್ಕೆಯಲ್ಲಿ ಬರೀ ಏಡಿ ಚಿಪ್ಪಿದ್ದರೆ ಸುಮ್ನೆ ಬಿಡಿ, ನಿಮ್ಮ ಏರಿ ಕೊರೆಯುವ ಏಡಿಯನ್ನು ಪುಕ್ಕಟೆಯಾಗಿ ಹಿಡಿದುಕೊಡುತ್ತಿದೆ.

ತಡೆಯಲು ಬೇಲಿಯೊಂದೇ ದಾರಿ. ನಾಲ್ಕರಿಂದ ಐದಡಿ ಎತ್ತರದ, ಎರಡಿಂಚಿಗಿಂತ ದೊಡ್ಡ ಕಣ್ಣಿಲ್ಲದ ತಂತಿ ಜಾಲರಿ. ಅದು ತೋಡಿ ನುಗ್ಗುತ್ತದೆ, ಹಾಗಾಗಿ ಕೆಳಗೆ ಒಂದಡಿ ಹೂಳಬೇಕು ಅಥವಾ ಹೊರಕ್ಕೆ ಮಡಚಿ ಕಲ್ಲು ಹೇರಬೇಕು. ನೀರು ಹೊರಹೋಗುವ ತೋಡಿಗೂ ಜಾಲರಿ ಇಡಿ, ಹೆಚ್ಚಿನ ಸಲ ಅದು ಬರುವ ದಾರಿ ಅದೇ. ಹಳ್ಳ ಬತ್ತುವ ಬೇಸಿಗೆಯಲ್ಲಿ ಕಾಟ ಜಾಸ್ತಿ, ಅದಕ್ಕೇ ಹೊಳೆ ಪಕ್ಕದವರು ದೊಡ್ಡ ಮೀನನ್ನು ಫೆಬ್ರವರಿಯೊಳಗೇ ಹಿಡಿದು ಮಾರುವುದು ಜಾಣತನ.

ಕೊಲ್ಲುವ ಮಾತು ಮಾತ್ರ ಬೇಡ. ತುಂಗಭದ್ರೆಯ ದಂಡೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ಇವಕ್ಕೆಂದೇ 2015ರಲ್ಲಿ ಮೀಸಲು ಪ್ರದೇಶ ಮಾಡಿದ್ದಾರೆ, ಅಷ್ಟು ಕಡಿಮೆಯಾಗಿವೆ.

"ಉಡ, ಆಮೆ, ಮುಂಗುಸಿ?"

ಇವುಗಳಿಂದ ಮೀನಿಗೆ ಹೇಳಿಕೊಳ್ಳುವಂಥ ನಷ್ಟ ಇಲ್ಲ. ಆಮೆ ಸತ್ತದ್ದನ್ನೂ ತಿಂದು ಹೊಂಡ ಚೊಕ್ಕ ಇಡುತ್ತದೆ. ಇರಲಿ ಬಿಡಿ.

## ನೀರಿನೊಳಗಿನ ಕಳ್ಳರು

"ಮರಿ ಬಿಡೋ ಮೊದಲೇ ನೀರಲ್ಲಿ ಏನೇನೋ ಹುಳ ಓಡಾಡ್ತಾ ಇವೆ. ಅವೂ ಮೀನು ತಿಂತಾವಾ?"

ಒಂದಿಂಚಿನ ಮರಿಯನ್ನು ಖಂಡಿತ ತಿನ್ನುತ್ತವೆ. ಬೆನ್ನ ಮೇಲೆ ಈಜುವ ಹುಳ, ನೀರುಚೇಳು, ದೊಡ್ಡ ನೀರು ತಿಗಣೆ, ಜೀರುಂಡೆ, ಹೆಲಿಕಾಪ್ಟರ್ ಚಿಟ್ಟೆಯ ಮರಿ, ಎಲ್ಲ ಮಾಂಸಾಹಾರಿಗಳೇ. ಮೂರಿಂಚಿನ ಮರಿ ಬಿಡುವವರು ಈ ಉತ್ತರವನ್ನು ದಾಟಿ ಮುಂದೆ ಹೋಗಬಹುದು.

ಸಣ್ಣ ಮರಿ ಬಿಡುವವರಿಗೆ ಹಳೇ ಉಪಾಯ ಒಂದಿದೆ: ಸೋಪು ಮತ್ತು ಎಣ್ಣೆ. ಲೆಕ್ಕ ಹೆಕ್ಟೇರಿಗೆ 56 ಕಿಲೋ ಅಡುಗೆ ಎಣ್ಣೆ, 18 ಕಿಲೋ ಬಟ್ಟೆ ಸೋಪು. ಒಂದು ಗುಂಟೆಗೆ ಇಳಿಸಿದರೆ ಸುಮಾರು 560 ಗ್ರಾಂ ಎಣ್ಣೆ, 180 ಗ್ರಾಂ ಸೋಪು. ಸೋಪನ್ನು ಬಿಸಿನೀರಲ್ಲಿ ಕರಗಿಸಿ ಎಣ್ಣೆ ಸೇರಿಸಿ ಚೆನ್ನಾಗಿ ಕಡೆದು, ಗಾಳಿ ಇಲ್ಲದ ಹೊತ್ತಲ್ಲಿ ನೀರಿನ ಮೇಲೆಲ್ಲ ಚಿಮುಕಿಸಿ. ಈ ಹುಳಗಳಲ್ಲಿ ಹೆಚ್ಚಿನವು ಉಸಿರಿಗೆ ಮೇಲೆ ಬರಬೇಕು, ಎಣ್ಣೆ ಪದರ ಅಡ್ಡವಾಗಿ ಸಾಯುತ್ತವೆ. ಹೆಲಿಕಾಪ್ಟರ್ ಚಿಟ್ಟೆಯ ಮರಿ ನೀರೊಳಗೇ ಉಸಿರಾಡುವುದರಿಂದ ಅದು ಇದಕ್ಕೆ ಜಗ್ಗುವುದಿಲ್ಲ, ಸಣ್ಣ ಕಣ್ಣಿನ ಬಲೆ ಎಳೆದು ತೆಗೆಯಬೇಕು. ಮಾರನೇ ದಿನ ಮೀನುಮರಿ ಬಿಡಿ. ಗಾಳಿ ಬೀಸುವ ದಿನ ಮಾಡಿದರೆ ಎಣ್ಣೆಯೆಲ್ಲ ಒಂದು ಮೂಲೆ ಸೇರಿ, ಹುಳಗಳೆಲ್ಲ ಇನ್ನೊಂದು ಮೂಲೆ ಸೇರುತ್ತವೆ.

"ಕಪ್ಪೆ ಮೀನು ತಿನ್ನತ್ತಾ? ನಮ್ಮಲ್ಲಿ ಸಾವಿರಾರು ಗೊದಮೊಟ್ಟೆ ಇವೆ."

ದೊಡ್ಡ ಗೋಂಕರು ಕಪ್ಪೆ ಸಣ್ಣ ಮರಿ ನುಂಗುತ್ತದೆ. ಗೊದಮೊಟ್ಟೆ ಮೀನನ್ನು ತಿನ್ನುವುದಕ್ಕಿಂತ ನೀವು ಹಾಕಿದ ತಿಂಡಿಯನ್ನೇ ತಿನ್ನುತ್ತದೆ. ನೊರೆಯಂಥ, ಲೋಳೆಯಂಥ ಮೊಟ್ಟೆ ಕಂಡಾಗ ಬಕೆಟ್ಟಿನಲ್ಲಿ ಎತ್ತಿ ಗದ್ದೆಗೋ ತೋಡಿಗೋ ಬಿಡಿ.

"ಯಾರೂ ಬಿಡದೇ ಇದ್ರೂ ಹೊಂಡದಲ್ಲಿ ಕೊರವ ಮೀನು ಬಂದಿದೆ. ಹೆಂಗೆ ಬಂತು, ತೆಗೆಯೋದು ಹೆಂಗೆ?"

ಮಳೆಗಾಲದಲ್ಲಿ ನಡೆದು ಬಂದಿದೆ. ತಮಾಷೆ ಅಲ್ಲ. ಕೊರವ, ಮುಗುಡು ಎರಡೂ ಗಾಳಿಯಲ್ಲಿ ಉಸಿರಾಡಬಲ್ಲವು, ಒದ್ದೆ ನೆಲದ ಮೇಲೆ ತೆವಳಿ ಹೊಂಡದಿಂದ ಹೊಂಡಕ್ಕೆ ಹೋಗುತ್ತವೆ. ಹೊಂಡದೊಳಗೆ ಒಂದು ದೊಡ್ಡ ಕೊರವ ಇದ್ದರೆ ಹೊರಗಿನ ಹತ್ತು ಮಿಂಚುಳ್ಳಿಗೆ ಸಮ. ಮೇಲೆ ಬಲೆ ಮುಚ್ಚಿ ಕಾಯುತ್ತಿದ್ದವರ ಹೊಂಡದಲ್ಲೇ ಇದು ಕೊಬ್ಬಿದ್ದನ್ನು ನೋಡಿದ್ದೇನೆ.

ಒಂದೆರಡಾದರೆ ಸಂಜೆ ಕಪ್ಪೆಮರಿ ಸಿಕ್ಕಿಸಿ ಗಾಳ ಹಾಕಿ, ಸಾರಿಗೂ ಆಯಿತು. ಸಂತಾನ ಆಗಿದ್ದರೆ ಬೇಸಿಗೆಯಲ್ಲಿ ನೀರು ಪೂರ್ತಿ ಖಾಲಿ ಮಾಡಿ ತಳ ಬಿರಿಯುವವರೆಗೆ ಒಣಗಿಸಬೇಕು. ಬರೀ ನೀರು ತೆಗೆದರೆ ಸಾಲದು, ಕೆಸರಲ್ಲಿ ಹೂತುಕೊಂಡು ಬದುಕುತ್ತವೆ.

ಖಾಲಿ ಮಾಡಲಾಗದ ಹೊಂಡಕ್ಕೆ ಹಿಪ್ಪೆ ಮರದ ಬೀಜದ ಹಿಂಡಿ ಇದೆ. ಒಂದು ಸಾವಿರ ಲೀಟರ್ ನೀರಿಗೆ ಕಾಲು ಕಿಲೋ ಲೆಕ್ಕ. ಒಂದು ಗುಂಟೆಯಲ್ಲಿ ಒಂದು ಮೀಟರ್ ನೀರಿದ್ದರೆ 25 ಕಿಲೋ. ರಾತ್ರಿ ನೆನೆಸಿ ಬೆಳಿಗ್ಗೆ ಹೊಂಡದ ತುಂಬ ಎರಚಿ. ಇದ್ದ ಮೀನೆಲ್ಲ ಕೆಲವು ಗಂಟೆಯಲ್ಲಿ ಸತ್ತು ಮೇಲೆ ಬರುತ್ತವೆ, ಅವನ್ನು ತಿನ್ನಬಹುದು. ಮೂರು ವಾರ ಬಿಟ್ಟು ಹೊಸ ಮರಿ ಬಿಡಿ, ಅಷ್ಟರಲ್ಲಿ ಹಿಂಡಿ ಕೊಳೆತು ಗೊಬ್ಬರವೂ ಆಗಿರುತ್ತದೆ. ಇದು ನಿಮ್ಮದೇ ಮುಚ್ಚಿದ ಹೊಂಡಕ್ಕೆ ಮಾತ್ರ. ತೋಡಿಗೆ ಹರಿಯುವ ಹೊಂಡಕ್ಕೆ ಹಾಕಿದರೆ ಕೆಳಗಿನವರ ಮೀನೂ ಸಾಯುತ್ತವೆ. ಅಂಗಡಿಯ ಕೀಟನಾಶಕ ಯಾವ ಕಾರಣಕ್ಕೂ ಬೇಡ.

ಬೇಗ ಬೆಳೆಯುತ್ತದೆ ಅಂತ ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತಂದುಕೊಟ್ಟರೆ ಬಾಗಿಲಲ್ಲೇ ವಾಪಸ್ ಕಳಿಸಿ. ನಮ್ಮ ದೇಶದಲ್ಲಿ ಅದನ್ನು ಸಾಕುವುದು ನಿಷೇಧ. ಹೊಂಡದ ಬೇರೆ ಮೀನನ್ನೆಲ್ಲ ಮುಗಿಸಿ ಹೊಳೆ ಸೇರುತ್ತದೆ.

"ಮೊದಲ ಮಳೆಗೇ ಮೀನು ಅರ್ಧ ಖಾಲಿ. ಯಾವುದೂ ಬಂದ ಗುರುತಿಲ್ಲ."

ಯಾವುದೂ ಬಂದಿಲ್ಲ, ಅವೇ ಹೋಗಿವೆ. ಹೊಸ ನೀರಿನ ಸದ್ದು ಕೇಳಿದರೆ ಮೀನು ಹರಿವಿನ ಎದುರು ಹತ್ತುತ್ತವೆ. ಹತ್ತುಮೀನು ಹಿಡಿಯಲು ಗದ್ದೆ ಬದುವಿಗೆ ಕೊಡೆ ಹಿಡಿದು ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಒಳಬರುವ ಕಡೆ, ಹೊರಹೋಗುವ ಕಡೆ ಎರಡಕ್ಕೂ ಜಾಲರಿ ಬೇಕು. ಪೈಪಿನ ಬಾಯಿಗೆ ಅಂಗೈಯಗಲ ಜಾಲರಿ ಕಟ್ಟಿದರೆ ಎರಡು ಎಲೆ ಬಂದು ಮುಚ್ಚಿ, ನೀರು ಏರಿ ದಡದ ಮೇಲಿಂದ ಹೋಗುತ್ತದೆ. ಪೈಪಿನ ಸುತ್ತ ಬುಟ್ಟಿಯ ಹಾಗೆ ದೊಡ್ಡದಾಗಿ ಕಟ್ಟಿ, ಅದರ ಮುಂದೆ ಎಲೆ ತಡೆಯಲು ಬಿದಿರಿನ ತಟ್ಟಿ ಇಡಿ. ಜೋರು ಮಳೆಯ ರಾತ್ರಿ ಟಾರ್ಚ್ ಹಿಡಿದು ಒಂದು ಸಲ ಹೋಗಿ ಕೈಯಾಡಿಸಲೇಬೇಕು, ಇದಕ್ಕೆ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

## ಕಾನೂನು, ಕರೆಂಟು, ಕಳ್ಳರು

"ಉರುಳು ಹಾಕಿದ್ರೆ, ವಿಷ ಇಟ್ರೆ ಯಾರಿಗೆ ಗೊತ್ತಾಗತ್ತೆ?"

ಗೊತ್ತಾಗುತ್ತದೆ, ಹೆಚ್ಚಾಗಿ ಪಕ್ಕದ ಮನೆಯ ನಾಯಿ ಸತ್ತ ದಿನ. 1972ರ ವನ್ಯಜೀವಿ ಕಾಯ್ದೆಯಲ್ಲಿ ನೀರುನಾಯಿ, ಉಡ ಎಲ್ಲ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿವೆ. ಅವನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಹಕ್ಕಿಗಳಿಗೂ ರಕ್ಷಣೆ ಇದೆ, ಕಾಡುಹಕ್ಕಿಯ ಗೂಡು, ಮೊಟ್ಟೆ ಕೆಡಿಸುವುದೂ ಕಾನೂನಿನ ಕಣ್ಣಲ್ಲಿ ಬೇಟೆಯೇ. ಓಡಿಸಬಹುದು, ಅಡ್ಡ ಕಟ್ಟಬಹುದು. ಹಿಡಿಯುವ, ಕೊಲ್ಲುವ ಹಾಗಿಲ್ಲ.

"ಬೇಲಿಗೆ ಕರೆಂಟ್ ಕೊಡ್ಬಹುದಾ?"

ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ. ಅದರಲ್ಲೂ ನೀರಿನ ಪಕ್ಕ. ಮೊದಲು ಸಾಯುವುದು ಮನೆಯವರೇ ಆಗಬಹುದು. ಝಟಕಾ ಮಾತ್ರ ಕೊಡುವ ಸೋಲಾರ್ ಬೇಲಿ ಸಿಗುತ್ತದೆ. ಅದನ್ನೂ ಏರಿಯ ಹೊರಗೆ ಹಾಕಿ, ತಿಳಿದವರಿಂದಲೇ ಹಾಕಿಸಿ. ನೀರುನಾಯಿಗಾಗಿ ಅಂದರೆ ಕೆಳಗಿನ ಎರಡು ತಂತಿ ಅರ್ಧ ಅಡಿ ಮತ್ತು ಒಂದಡಿ ಎತ್ತರದಲ್ಲಿರಬೇಕು. ಅಷ್ಟು ಕೆಳಗಿನ ತಂತಿಗೆ ಮಳೆಗಾಲದಲ್ಲಿ ಹುಲ್ಲು ತಾಗಿ ಝಟಕಾ ಹೋಗಿಬಿಡುತ್ತದೆ. ವಾರಕ್ಕೊಮ್ಮೆ ಸವರುವ ಪುರುಸೊತ್ತು ಇಲ್ಲದವರು ದುಡ್ಡು ಹಾಕಬೇಡಿ.

"ಎಲ್ಲಾ ಮಾಡಿದ್ವಿ. ಆದ್ರೆ ಮನುಷ್ಯರೇ ಕದೀತಾರಲ್ಲ?"

ಮುಳ್ಳಿನ ಕೊಂಬೆಯ ವಿಷಯ ಮೇಲೆಯೇ ಹೇಳಿದೆ. ಅದರ ಜೊತೆಗೆ, ಯಾವತ್ತು ಮೀನು ಹಿಡಿಯುತ್ತೀರಿ ಅಂತ ಊರಿಗೆ ಮುಂಚೆ ಸಾರಬೇಡಿ. ನಮ್ಮ ಹೊಂಡಕ್ಕೆ ಕಳ್ಳರು ಬಂದದ್ದು ಒಂದೇ ಸಲ, ಅದೂ ನಾನು ಸಂತೆಯಲ್ಲಿ ನಿಂತು "ನಾಡಿದ್ದು ಎರಡು ಎರಡು ಕಿಲೋದ ಕಾಟ್ಲಾ ಹಿಡೀತೀವಿ" ಅಂತ ಕೊಚ್ಚಿಕೊಂಡು ಬಂದ ರಾತ್ರಿ. ಆಮೇಲಿನಿಂದ ಹಿಡಿದ ದಿನ ಆಚೀಚೆ ಮನೆಗೆ ಒಂದೊಂದು ಮೀನು ಕೊಡುತ್ತೇವೆ. ಈಗ ರಾತ್ರಿ ಹೊಂಡದ ಕಡೆ ಟಾರ್ಚ್ ಬೆಳಕು ಕಂಡರೆ ನನಗಿಂತ ಮೊದಲು ಪಕ್ಕದ ಮನೆಯ ಅಜ್ಜಯ್ಯನೇ ಕೂಗು ಹಾಕುತ್ತಾರೆ. ಎಷ್ಟೋ ಸಲ ಆ ಟಾರ್ಚ್ ನನ್ನದೇ ಆಗಿರುತ್ತದೆ.